ಶಬ್ಬಾತೋನ್: ಅಪ್ಪ ಅಮ್ಮನ ಚಿಂತೆ, ಮಕ್ಕಳ ಮಜಾ

2014ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಂದಷ್ಟು ಹೈಸ್ಕೂಲು ಹುಡುಗ ಹುಡುಗಿಯರು ಸೇರಿ ಒಂದು ನಿಯಮ ಬದಲಾಯಿಸಿದರು. ಯುನೈಟೆಡ್ ಸಿನಗಾಗ್ ಯೂತ್, ಎಲ್ಲರ ಬಾಯಲ್ಲಿ ಯುಎಸ್‌ವೈ, ಅನ್ನುವ ಯಹೂದಿ ಯುವ ಸಂಘಟನೆಯ ಪದಾಧಿಕಾರಿಗಳು ಇವರು. ಅಲ್ಲಿಯವರೆಗೆ ಪದಾಧಿಕಾರಿಯಾದವರು ಯಹೂದಿಗಳಲ್ಲದವರ ಜೊತೆ ಡೇಟಿಂಗ್ ಮಾಡುವಂತಿರಲಿಲ್ಲ. ಹೊಸ ನಿಯಮ ಸ್ವಲ್ಪ ಮೆತ್ತಗಾಯಿತು. ಯಹೂದಿ ಸಮುದಾಯದೊಳಗೇ ಡೇಟಿಂಗ್ ಮಾಡುವುದು ಮುಖ್ಯ ಅನ್ನುವುದನ್ನು ಮರೆಯಬೇಡಿ, ಯಾರ ಜೊತೆಗಿದ್ದರೂ ಗೌರವದಿಂದ ನಡೆದುಕೊಳ್ಳಿ ಅಂತ. ಅಷ್ಟೇ. ಆದರೆ "ನಿಷೇಧ ಎತ್ತಿದರು" ಅಂತ ಸುದ್ದಿಯಾಯಿತು, ದೊಡ್ಡವರ ನಡುವೆ ದೊಡ್ಡ ಚರ್ಚೆಯೇ ನಡೆಯಿತು.

ಹದಿನಾರು ವರ್ಷದ ಮಕ್ಕಳ ಸಂಘಕ್ಕೆ ಇಂಥ ನಿಯಮ ಯಾಕೆ ಬೇಕಿತ್ತು? ನಮ್ಮ ಜಾತಿ ಸಂಘಗಳ ವಧು-ವರರ ಸಮಾವೇಶ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ, ಬಿಡಿ. ಆದರೂ ಇಂಥ ಯುವ ಸಂಘಗಳ, ಅವು ನಡೆಸುವ ಶಬ್ಬಾತೋನ್ ಎಂಬ ವಾರಾಂತ್ಯದ ಕೂಟಗಳ ಕಥೆ ಶುರುವಾದದ್ದು ಮದುವೆಯ ಚಿಂತೆಯಿಂದ ಅಲ್ಲ. ಬೇರೆಯವರು ಸೇರಿಸಿಕೊಳ್ಳಲಿಲ್ಲ ಅನ್ನುವುದರಿಂದ.

ನೆಬ್ರಾಸ್ಕಾ ರಾಜ್ಯದ ಒಮಾಹಾ ಊರು. 1920ರ ದಶಕದಲ್ಲಿ ಅಲ್ಲಿನ ಹೈಸ್ಕೂಲು ಹುಡುಗರಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಗೆಳೆಯರ ಕೂಟಗಳಿದ್ದವು. ಯಹೂದಿ ಹುಡುಗರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸರಿ, ನಮ್ಮದೇ ಮಾಡ್ಕೊಳ್ತೀವಿ ಅಂತ ಅವರು ಹೀಬ್ರೂ ಅಕ್ಷರಗಳನ್ನೇ ಹೆಸರಾಗಿಟ್ಟುಕೊಂಡು ಆಲೆಫ್ ಜಾಡಿಕ್ ಆಲೆಫ್ ಕಟ್ಟಿದರು. 1924ರಲ್ಲಿ ಅದು ಬೇರೆ ಊರುಗಳಿಗೂ ಹರಡುವ ಸಂಘಟನೆಯಾಯಿತು, ಮರುವರ್ಷ ಬ್ನೈ ಬ್ರಿತ್ ಎಂಬ ಹಳೆಯ ಯಹೂದಿ ಸಂಸ್ಥೆ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಇವತ್ತಿನ ಬಿಬಿವೈಒ ಎಂಬ ಯಹೂದಿ ಯುವ ಸಂಘಟನೆ ಬೆಳೆದದ್ದು ಇದರಿಂದಲೇ. ಜರ್ಮನಿಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಕಾಡುಮೇಡು ಅಲೆಯುವ ವಾಂಡರ್‌ಫೋಗೆಲ್ ಹುಡುಗರ ಗುಂಪುಗಳಲ್ಲಿ ಯಹೂದಿ ದ್ವೇಷ ಜಾಸ್ತಿಯಾಗುತ್ತಿತ್ತು. 1912ರಲ್ಲಿ ಬ್ಲಾವ್-ವೈಸ್ ಅಂತ ಯಹೂದಿ ಮಕ್ಕಳದೇ ಚಾರಣದ ಗುಂಪು ಹುಟ್ಟಿತು. ಯುರೋಪಿನ ಇಂಥ ಸಂಘಟನೆಗಳ ಮುಂದಿನ ದಿನಗಳು ಬೇರೆಯೇ ದಾರಿ ಹಿಡಿದವು. 1943ರಲ್ಲಿ ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ನಾಜಿಗಳ ವಿರುದ್ಧ ಬಂದೂಕು ಹಿಡಿದವರ ನಾಯಕ ಮೊರ್ದೆಖಾಯ್ ಅನಿಯೆಲೆವಿಚ್ ಹಶೊಮೆರ್ ಹತ್ಸೈರ್ ಅನ್ನುವ ಯುವ ಚಳವಳಿಯಿಂದಲೇ ಬಂದವನು.

ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಪರಿಸ್ಥಿತಿ ತಿರುಗಿತು. ಬಾಗಿಲುಗಳು ಮೆಲ್ಲಗೆ ತೆರೆದವು, ಯಹೂದಿ ಕುಟುಂಬಗಳು ನಗರದ ಇಕ್ಕಟ್ಟಿನ ಬೀದಿಗಳಿಂದ ಹೊರವಲಯದ ಬಡಾವಣೆಗಳಿಗೆ ಹೋದವು, ಮಕ್ಕಳು ಎಲ್ಲರ ಜೊತೆ ಬೆರೆತರು. ಆಗ ಶುರುವಾಯಿತು ನೋಡಿ ಹೊಸ ಚಿಂತೆ. ಹದಿಮೂರಕ್ಕೆ ಬಾರ್ ಮಿತ್ಸ್ವಾ ಅನ್ನುವ, ಹುಡುಗ ದೊಡ್ಡವನಾದ ಅಂತ ಸಾರುವ ವಿಧಿ ಮುಗಿಯಿತು ಅಂದರೆ ಅವನು ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಕಡೆ ತಲೆ ಹಾಕುವುದಿಲ್ಲ. ಹಿಡಿದಿಟ್ಟುಕೊಳ್ಳುವುದು ಹೇಗೆ? ಆಚರಣೆಯಲ್ಲಿ ಸಡಿಲವಾದ ರಿಫಾರ್ಮ್, ಕಟ್ಟುನಿಟ್ಟಿನ ಆರ್ಥೊಡಾಕ್ಸ್, ಇವೆರಡರ ನಡುವಿನ ಕನ್ಸರ್ವೇಟಿವ್, ಹೀಗೆ ಒಂದೊಂದು ಪಂಥವೂ ತನ್ನ ಯುವ ಸಂಘಟನೆ ಮಾಡಿಕೊಂಡಿತು. ರಿಫಾರ್ಮ್ ಪಂಥದ ಎನ್ಎಫ್‌ಟಿವೈ 1939ರಷ್ಟು ಹಿಂದೆಯೇ ಇತ್ತು. ಕನ್ಸರ್ವೇಟಿವ್ ಪಂಥದ ಯುಎಸ್‌ವೈ 1951ರಲ್ಲಿ, ಆರ್ಥೊಡಾಕ್ಸ್ ಪಂಥದ ಎನ್‌ಸಿಎಸ್‌ವೈ 1954ರಲ್ಲಿ ಬಂದವು.

ಇವರ ಕೈಗೆ ಸಿಕ್ಕ ಒಳ್ಳೆಯ ಅಸ್ತ್ರ ಅಂದರೆ ಶಬ್ಬಾತೋನ್. ವಾರಾಂತ್ಯದ ಕೂಟ, ಆದರೆ ಸುಮ್ನೆ ಪಿಕ್ನಿಕ್ ಅಲ್ಲ.

ಶಬ್ಬಾತ್ ಅಂದರೆ ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ, ಕೆಲಸ ಬಿಡುವ ದಿನ. ನಮಗೆ ಇದು ತೀರಾ ದೂರದ ಸಂಗತಿಯೇನಲ್ಲ. ಪಕ್ಕದ ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತಲೇ ಕರೆದರು. ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಶಬ್ಬಾತ್ ದಿನ ಬೆಂಕಿ ಹೊತ್ತಿಸುವಂತಿಲ್ಲ, ಲೈಟಿನ ಸ್ವಿಚ್ ಮುಟ್ಟುವಂತಿಲ್ಲ, ಗಾಡಿ ಹತ್ತುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ. ಈಗ ಫೋನೂ ಸೇರಿಕೊಂಡಿದೆ.

ಹಾಗಾಗಿ ಶುಕ್ರವಾರ ಮಧ್ಯಾಹ್ನ ಎಲ್ಲರಿಗೂ ಗಡಿಬಿಡಿ. ಬಸ್ಸು ಸೂರ್ಯ ಮುಳುಗುವ ಮುಂಚೆ ತಲುಪಲೇಬೇಕು. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುವ ಊರುಗಳಲ್ಲಿ ಇದು ದೊಡ್ಡ ತಲೆನೋವು. ಮಕ್ಕಳು ಸ್ಲೀಪಿಂಗ್ ಬ್ಯಾಗ್ ಹೊತ್ತು ಬರುತ್ತಾರೆ, ಎಷ್ಟೋ ಕಡೆ ಸಿನಗಾಗ್ ಅಕ್ಕಪಕ್ಕದ ಮನೆಗಳಲ್ಲೇ ಇಬ್ಬರು ಮೂವರಂತೆ ಮಲಗುವ ಏರ್ಪಾಡು. ಯಾರೂ ಮರೆತು ಆರಿಸದಿರಲಿ ಅಂತ ಬಚ್ಚಲುಮನೆಯ ಸ್ವಿಚ್ಚಿನ ಮೇಲೆ ಟೇಪು ಅಂಟಿಸುತ್ತಾರೆ. ಮರುದಿನ ಮಧ್ಯಾಹ್ನದ ಚೋಲೆಂಟ್, ಅಂದರೆ ಮಾಂಸ, ಕಾಳು, ಆಲೂಗಡ್ಡೆಯ ಗಟ್ಟಿ ಸಾರು, ಶುಕ್ರವಾರವೇ ಸಣ್ಣ ಉರಿಯ ಮೇಲೆ ಕೂತು ರಾತ್ರಿಯಿಡೀ ಬೇಯುತ್ತಾ ಇರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಹದಿನೆಂಟು ನಿಮಿಷ ಮುಂಚೆ ದೀಪ ಹಚ್ಚುತ್ತಾರೆ. ಆಮೇಲೆ ಹಾಡು, ಊಟ, ಮೇಜು ಕುಟ್ಟಿ ಮತ್ತೆ ಹಾಡು, ನಡುರಾತ್ರಿ ದಾಟುವವರೆಗೆ ಹರಟೆ.

ಸಮಯ ಕಳೆಯಲು ಟಿವಿಯಿಲ್ಲ, ಎಲ್ಲಿಗೂ ಹೋಗುವಂತಿಲ್ಲ. ಹದಿಹರೆಯದ ನೂರು ಮಕ್ಕಳನ್ನು ಒಂದು ಕಟ್ಟಡದಲ್ಲಿ 25 ಗಂಟೆ ಹೀಗೆ ಕೂಡಿಹಾಕಿದರೆ ಮಾತಾಡದೆ ಇನ್ನೇನು ಮಾಡುತ್ತಾರೆ? ಇದರ ಗುಟ್ಟು ಅಲ್ಲೇ ಇರುವುದು ಅಂತ ನನ್ನ ಲೆಕ್ಕ. ಪ್ರವಚನ ಕೇಳಿ ಬದಲಾದವರಿಗಿಂತ ಗೆಳೆತನಕ್ಕಾಗಿ ಮತ್ತೆ ಮತ್ತೆ ಬಂದವರೇ ಜಾಸ್ತಿ ಇರಬೇಕು.

ಎನ್‌ಸಿಎಸ್‌ವೈ ಕಣ್ಣಿಟ್ಟಿದ್ದು ಸಾಮಾನ್ಯ ಸರ್ಕಾರಿ ಶಾಲೆಗೆ ಹೋಗುವ, ಮನೆಯಲ್ಲಿ ಅಷ್ಟಾಗಿ ಆಚರಣೆ ಇಲ್ಲದ ಮಕ್ಕಳ ಮೇಲೆ. ಶಬ್ಬಾತ್ ಬಗ್ಗೆ ಪಾಠ ಮಾಡುವ ಬದಲು ಪೂರ್ತಿ ಒಂದು ಶಬ್ಬಾತ್ ಬದುಕಿಸಿ ಕಳಿಸೋಣ ಅನ್ನುವ ಯೋಚನೆ. ಯುಎಸ್‌ವೈ ಕಡೆ ಇನ್ನೊಂದು ತಮಾಷೆ ಇತ್ತು. ಬಡಾವಣೆಗಳಿಂದ ಸಿನಗಾಗ್ ದೂರ ಆಯಿತು ಅಂತ ಕನ್ಸರ್ವೇಟಿವ್ ರಬ್ಬಿಗಳು, ಅಂದರೆ ಧರ್ಮಗುರುಗಳು, 1950ರಲ್ಲಿ ಶಬ್ಬಾತ್ ದಿನ ಪ್ರಾರ್ಥನೆಗೆ ಕಾರಿನಲ್ಲಿ ಬರಬಹುದು ಅಂತ ಒಪ್ಪಿಗೆ ಕೊಟ್ಟಿದ್ದರು. ಆದರೆ ಮಕ್ಕಳ ಕೂಟದಲ್ಲಿ ಕಾರು ಹತ್ತುವಂತಿಲ್ಲ. ಮನೆಯಲ್ಲಿ ಶನಿವಾರ ಸಿನಿಮಾಕ್ಕೆ ಹೋಗುವ ಹುಡುಗಿ ಇಲ್ಲಿ ಸುಡುಚಳಿಯಲ್ಲಿ ನಡೆದೇ ಪ್ರಾರ್ಥನೆಗೆ ಬರುತ್ತಾಳೆ. ಅಪ್ಪ ಅಮ್ಮ ಬಿಟ್ಟದ್ದನ್ನು ಮಕ್ಕಳು ಮಾಡಲಿ ಅಂತ ಅದೇ ಅಪ್ಪ ಅಮ್ಮ ದುಡ್ಡು ಕೊಟ್ಟು ಕಳಿಸುವುದು!

ರಿಫಾರ್ಮ್ ಮಕ್ಕಳಿಗೆ ಶಬ್ಬಾತ್ ದಿನವೂ ಗಿಟಾರ್ ಬಾರಿಸಲು ಅಡ್ಡಿಯಿರಲಿಲ್ಲ. ಎನ್ಎಫ್‌ಟಿವೈ ಶಿಬಿರಗಳಲ್ಲಿ ಹಾಡು ಹೇಳಿಸುತ್ತಿದ್ದ ಡೆಬ್ಬಿ ಫ್ರೀಡ್‌ಮನ್ 1970ರ ದಶಕದಲ್ಲಿ ಹಳೆಯ ಪ್ರಾರ್ಥನೆಗಳಿಗೆ ಜಾನಪದ ಧಾಟಿ ಹಾಕಿದಳು. ಶನಿವಾರ ರಾತ್ರಿ ಶಬ್ಬಾತ್ ಬೀಳ್ಕೊಡುವ ಹವ್ದಾಲಾಕ್ಕೆ ಅವಳು ಹಾಕಿದ ಧಾಟಿ ಈಗ ಪಂಥದಾಚೆಗೂ ಕೇಳಿಸುತ್ತದೆ. ಎಲ್ಲ ಕೂಟಗಳ ತುದಿಮುಟ್ಟುವ ಗಳಿಗೆಯೂ ಅದೇ. ದೀಪ ಆರಿಸಿ, ಹೆಗಲಿಗೆ ಕೈ ಹಾಕಿ ಸುತ್ತ ನಿಲ್ಲುತ್ತಾರೆ. ಎನ್‌ಸಿಎಸ್‌ವೈಯಲ್ಲಾದರೆ ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ ಮಾತ್ರ. ಜಡೆ ಹೆಣೆದಂಥ ಮೇಣದ ಬತ್ತಿ, ಮೂಸಲು ಲವಂಗ ದಾಲ್ಚಿನ್ನಿ, ಒಂದು ಲೋಟ ದ್ರಾಕ್ಷಾರಸ. ಬತ್ತಿಯನ್ನು ರಸದಲ್ಲಿ ಅದ್ದಿದಾಗ ಚುಂಯ್ ಅನ್ನುತ್ತದೆ, ಅಳುವವರು ಅಳುತ್ತಾರೆ. ಅದಾಗಿ ಐದು ನಿಮಿಷಕ್ಕೆ ಎಲ್ಲರ ಫೋನೂ ಆನ್.

ಇಷ್ಟು ಆಪ್ತವಾದ ಜಾಗದಲ್ಲಿ ಅಪಾಯವೂ ಇತ್ತು. 2000ದ ಜೂನಿನಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ವೀಕ್ ಪತ್ರಿಕೆ ಎನ್‌ಸಿಎಸ್‌ವೈಯ ಹಿರಿಯ ಅಧಿಕಾರಿಯಾಗಿದ್ದ ಒಬ್ಬ ರಬ್ಬಿ ವರ್ಷಗಟ್ಟಲೆ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಬಯಲಿಗೆಳೆಯಿತು. ದೂರುಗಳು ಮೊದಲೇ ಬಂದಿದ್ದವು, ದೊಡ್ಡವರು ಸುಮ್ಮನಿದ್ದರು. ಆಯೋಗವೊಂದು ಅದೇ ವರ್ಷ ವರದಿ ಕೊಟ್ಟು ಆಡಳಿತವನ್ನೇ ದೂರಿತು. ಆತ ಪ್ರಾಂಶುಪಾಲನಾಗಿದ್ದ ಶಾಲೆಯ ಪ್ರಕರಣದಲ್ಲಿ 2002ರಲ್ಲಿ ಶಿಕ್ಷೆಯೂ ಆಯಿತು. ಹುಡುಗ ಹುಡುಗಿ ಯಾರನ್ನು ಇಷ್ಟಪಡುತ್ತಾರೆ ಅಂತ ತಲೆ ಕೆಡಿಸಿಕೊಂಡವರು ನೋಡಬೇಕಾದ ಕಡೆ ನೋಡಿರಲಿಲ್ಲ.

ಆ ತಲೆಬಿಸಿಗೆ ತುಪ್ಪ ಸುರಿದದ್ದು 1990ರ ಒಂದು ಸಮೀಕ್ಷೆ. ಅದಕ್ಕೂ ಹಿಂದಿನ ಐದಾರು ವರ್ಷಗಳಲ್ಲಿ ಮದುವೆಯಾದ ಅಮೆರಿಕನ್ ಯಹೂದಿಗಳಲ್ಲಿ 52% ಮಂದಿ ಬೇರೆ ಧರ್ಮದವರನ್ನು ಮದುವೆಯಾಗಿದ್ದಾರೆ ಅಂದಿತು. ಲೆಕ್ಕ ತಪ್ಪು ಅಂತ ಆಮೇಲೆ ವಾದಗಳೂ ನಡೆದವು, ಆದರೆ ಆ ಸಂಖ್ಯೆ ಜನರ ತಲೆಯಲ್ಲಿ ಕೂತುಬಿಟ್ಟಿತು. ಯುವ ಕೂಟಗಳಿಗೆ, ಇಸ್ರೇಲ್ ಪ್ರವಾಸಗಳಿಗೆ ದುಡ್ಡು ಹರಿದು ಬರಲು ಇದೂ ಒಂದು ಕಾರಣ. ಸಂಖ್ಯೆ ಮಾತ್ರ ಇಳಿಯಲಿಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆ ಪ್ರಕಾರ 2010ರಿಂದೀಚೆಗೆ ಮದುವೆಯಾದವರಲ್ಲಿ ಅದು 61%.

ಹಾಗಾದರೆ 2014ರ ಹೊತ್ತಿಗೆ ಈ ಕೂಟಗಳಿಗೆ ಬರುತ್ತಿದ್ದ ಮಕ್ಕಳಲ್ಲಿ ಅಂಥ ಮದುವೆಗಳಿಂದ ಹುಟ್ಟಿದವರೂ ಇದ್ದೇ ಇರುತ್ತಾರೆ, ಅಲ್ವಾ? ಅಂಥವರ ಮುಂದೆ ಹಳೆಯ ನಿಯಮ ಓದಿದರೆ, ನಿನ್ನ ಅಪ್ಪ ಅಮ್ಮ ಮಾಡಿದ್ದು ತಪ್ಪು ಅಂತ ಮುಖಕ್ಕೆ ಹೇಳಿದ ಹಾಗೇ. ನಿಯಮವನ್ನು ಮೆತ್ತಗೆ ಮಾಡಿದ ಹುಡುಗರಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗಿತ್ತು ಅನ್ನಿಸುತ್ತದೆ. ಕನ್ಸರ್ವೇಟಿವ್ ರಬ್ಬಿಗಳು ಅಂತರ್ಧರ್ಮೀಯ ಮದುವೆ ಮಾಡಿಸುವಂತಿಲ್ಲ ಅನ್ನುವ ದೊಡ್ಡವರ ನಿಯಮವನ್ನಂತೂ ಅವರು ಮುಟ್ಟಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ.

ಇನ್ನು ಯಾರು ಯಹೂದಿ ಅನ್ನುವುದರಲ್ಲೇ ಒಮ್ಮತವಿಲ್ಲ. ತಾಯಿ ಯಹೂದಿಯಾಗಿರಬೇಕು ಅಂತ ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥದವರು. ತಂದೆ ಯಹೂದಿಯಾಗಿದ್ದು ಮಗುವನ್ನು ಹಾಗೇ ಬೆಳೆಸಿದ್ದರೆ ಸಾಕು ಅಂತ 1983ರಿಂದ ರಿಫಾರ್ಮ್‌ನವರು. ಎಲ್ಲ ಪಂಥದವರೂ ಬರುವ ಬಿಬಿವೈಒ ಸಮಾವೇಶದಲ್ಲಿ ಪಕ್ಕಪಕ್ಕ ಕೂತು ಊಟ ಮಾಡುವ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ರಬ್ಬಿಯ ಲೆಕ್ಕದಲ್ಲಿ ಯಹೂದಿಯೇ ಅಲ್ಲದಿರಬಹುದು. ಶುಕ್ರವಾರ ಸಂಜೆ ಅಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಬೇರೆ ಬೇರೆ ರೀತಿಯ ಪ್ರಾರ್ಥನೆ ಇಟ್ಟಿರುತ್ತಾರೆ. ಯಾವ ಕೋಣೆಗೆ ಹೋಗಬೇಕು ಅನ್ನುವುದು ಮಕ್ಕಳಿಗೆ ಬಿಟ್ಟದ್ದು, ಗೆಳೆಯರು ಹೋದ ಕಡೆಗೇ ಹೋಗುವವರೂ ಕಡಿಮೆಯಿಲ್ಲ.