ಹೈಡ್ರೋಜನ್ ಎಳೆಯುವ ಪಂಪಿಗೆ ಮಳೆಗಾಲದ ಅಭ್ಯಾಸ ಬೇಡ

ಕೊಡಗಿನ ಮಳೆಗಾಲದಲ್ಲಿ ರೋಟರಿ ವ್ಯಾಕ್ಯೂಮ್ ಪಂಪಿನ (ಪಾತ್ರೆಯೊಳಗಿನ ಗಾಳಿ, ಅನಿಲವನ್ನು ಎಳೆದು ಹೊರಹಾಕುವ ಪಂಪ್) ಎಣ್ಣೆ ಬೇಗ ಬೆಳ್ಳಗಾಗುತ್ತದೆ. ಗಾಳಿಯ ತೇವ ಎಣ್ಣೆಗೆ ಸೇರಿರುತ್ತದೆ. ಆಗ ಎಲ್ಲರೂ ಗ್ಯಾಸ್ ಬ್ಯಾಲಸ್ಟ್ ವಾಲ್ವ್ ತೆರೆದು ಪಂಪ್ ಓಡಿಸುತ್ತಾರೆ. ಸ್ವಲ್ಪ ಗಾಳಿ ಒಳಗೆ ಹೋಗಿ, ನೀರಾವಿಯನ್ನು ಹೊರಗೆ ಒಯ್ಯುತ್ತದೆ. ಒಳ್ಳೆಯ ಅಭ್ಯಾಸವೇ. ಆದರೆ ಪಂಪ್ ಲ್ಯಾಬಿನ ಫರ್ನೇಸಿನಿಂದ (ಹೈಡ್ರೋಜನ್ ಹರಿಸಿ ವಸ್ತುಗಳನ್ನು ಕಾಯಿಸುವ ಕುಲುಮೆ) ಹೈಡ್ರೋಜನ್ ಎಳೆಯುತ್ತಿದ್ದರೆ ಹೀಗೆ ಮಾಡಲೇಬಾರದು.

"ಒಳಗೆ ಗಾಳಿಯೇ ಇಲ್ಲ, ಸ್ಫೋಟ ಹೇಗಾಗುತ್ತೆ ಸಾರ್?" ಎಂದು ಲ್ಯಾಬಿನ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತುಂಬಾ ಕಡಿಮೆ ಒತ್ತಡದಲ್ಲಿ ಬೆಂಕಿ ಹರಡುವುದು ಕಷ್ಟ. ಆದರೆ ಪಂಪಿನ ಕೆಲಸವೇ ಆ ತೆಳು ಅನಿಲವನ್ನು ಅದುಮಿ ಹೊರಗಿನ ಒತ್ತಡಕ್ಕೆ ತರುವುದು, ಅಲ್ವಾ? ಅದುಮುವಾಗ ಅದು ಬಿಸಿಯೂ ಆಗುತ್ತದೆ. ಬ್ಯಾಲಸ್ಟಿನ ಗಾಳಿ ಬಂದು ಸೇರುವುದು ಸರಿಯಾಗಿ ಅಲ್ಲೇ. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡಾ ಇದ್ದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸುಮಾರು 0.02 ಮಿಲಿಜೌಲ್ ಶಕ್ತಿ ಸಾಕು. ನಮ್ಮ ಕೈಗೆ ಗೊತ್ತೇ ಆಗದಷ್ಟು ಸಣ್ಣ ಸ್ಟ್ಯಾಟಿಕ್ ಕಿಡಿ ಅದು. ಹಗಲಲ್ಲಿ ಹೈಡ್ರೋಜನ್ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ.

ಹಾಗಾಗಿ ಹೈಡ್ರೋಜನ್ ಹರಿಯುವಾಗ ಬ್ಯಾಲಸ್ಟ್ ಮುಚ್ಚಿರಲಿ. ಬೇಕೇ ಬೇಕು ಅಂದರೆ ಅದಕ್ಕೆ ಒಣ ನೈಟ್ರೋಜನ್ ಜೋಡಿಸಿ. ಎಣ್ಣೆ ಒಣಗಿಸುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ. ಹೈಡ್ರೋಜನ್ ಬಿಡುವ ಮುಂಚೆ ಲೀಕ್ ನೋಡಿ, ನೈಟ್ರೋಜನ್ನಿನಿಂದ ಗಾಳಿಯನ್ನು ಪೂರ್ತಿ ಹೊರಹಾಕಿ. ಕೆಲಸ ಮುಗಿದ ಮೇಲೆ ಹಾಗೆಯೇ ಹೈಡ್ರೋಜನ್ನನ್ನೂ ಹೊರಹಾಕಿ. ಬಿಸಿ ಫರ್ನೇಸಿಗೆ ಗಾಳಿ ಬಿಡಬೇಡಿ.

ಇನ್ನು ಪಂಪಿನಿಂದ ಅನಿಲ ಹೊರಬರುವ ಎಕ್ಸಾಸ್ಟ್ ಪೈಪ್. ಜಡಿಮಳೆ, ಚಳಿ ಅಂತ ಕಿಟಕಿ ಮುಚ್ಚಿ, ಪೈಪನ್ನು ಕೋಣೆಯೊಳಗೇ ಬಿಟ್ಟಿರುವುದನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಸೋರಿದ್ದು ಚಾವಣಿಯ ಕೆಳಗೆ, ಅದೂ ಟ್ಯೂಬ್‌ಲೈಟಿನ ಹತ್ತಿರವೇ ಸೇರಿಕೊಳ್ಳುತ್ತದೆ. ಹೆಂಚಿನ ಮಾಡಿನ ಸಂದಿಯಲ್ಲಿ ಸ್ವಲ್ಪ ಹೊರಗೆ ಹೋಗಬಹುದು, ಕಾಂಕ್ರೀಟ್ ಚಾವಣಿಯಲ್ಲಿ ಅದೂ ಇಲ್ಲ. ಪೈಪ್ ಮೇಲ್ಮುಖವಾಗಿ ಸಾಗಿ ಕಟ್ಟಡದಾಚೆ ತೆರೆದುಕೊಳ್ಳಬೇಕು. ತುದಿಗೆ ಮಳೆ ಟೋಪಿ ಇರಲಿ. ನಡುವೆ ಎಲ್ಲೂ ಕೆಳಗೆ ಜೋಲಬಾರದು. ಜೋಲಿದರೆ ಅಲ್ಲಿ ನೀರು, ಎಣ್ಣೆ ನಿಂತು ದಾರಿ ಕಟ್ಟುತ್ತದೆ.

ಕೊನೆಗೆ ಕರೆಂಟ್. ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಪಂಪ್ ನಿಂತರೂ ಸಿಲಿಂಡರಿನಿಂದ ಹೈಡ್ರೋಜನ್ ಬರುತ್ತಲೇ ಇರುತ್ತದೆ. ಕರೆಂಟ್ ಹೋದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್) ಹೈಡ್ರೋಜನ್ ಲೈನಿನಲ್ಲಿ ಇರಲೇಬೇಕು. ಕರೆಂಟ್ ವಾಪಸ್ ಬಂದಾಗ ಅದು ತಾನಾಗಿ ತೆರೆಯಲೂಬಾರದು. ಪಂಪ್ ಓಡುತ್ತಿದೆಯಾ, ಒತ್ತಡ ಸರಿಯಿದೆಯಾ ನೋಡಿ, ಆಮೇಲೆ ಒಬ್ಬರು ಕೈಯಾರೆ ಒತ್ತಿ ತೆರೆಯಬೇಕು.