ಜಂಗು ತಿಂದ ಪದ್ಮಿನಿಗೆ ಗುಜರಿ ಪತ್ರಾ: ಡೆಂಟಿಂಗ್ ಕಲಿಯೋರಿಗೆ ನೋಟ್ಸ್

ಕಲಬುರಗಿ ಕಡೆ ಡೆಂಟಿಂಗ್ ಕಲೀಲಿಕತ್ತವರಿಗೆ, ಹಳೇ ಗಾಡಿ ಹುಚ್ಚು ಹತ್ತಿದವರಿಗೆ ಈ ನೋಟ್ಸ್. ಉದಾಹರಣೆಗೆ ಪ್ರೀಮಿಯರ್ ಪದ್ಮಿನಿ ಅನ್ನೋ ಹಳೇ ಕಾರು ಹಿಡ್ಕೊಂಡೀನಿ. ಮೊದಲ ಒಂದು ಮಾತು ತಲ್ಯಾಗ ಇಟ್ಕೋರಿ: ಪದ್ಮಿನಿಗಾಗ್ಲಿ ಅಂಬಾಸಿಡರ್‌ಗಾಗ್ಲಿ ಬೇರೆ ಚಾಸಿ ಅಂತ ಇಲ್ಲ, ಬಾಡಿನೇ ಚಾಸಿ, ಮಾನೋಕಾಕ್ ಅಂತಾರ ಇದಕ್ಕ. ಹಳೇ ಜೀಪಿಗೆ ಕೆಳಗ ಏಣಿಯಂಥ ಲ್ಯಾಡರ್ ಚಾಸಿ ಬೇರೇನೇ ಇರ್ತದ, ಮ್ಯಾಲಿನ ಪತ್ರಾ ತೂತು ಬಿದ್ರೂ ನಡೀತದ. ಪದ್ಮಿನ್ಯಾಗ ಬಾಗಿಲ ಕೆಳಗಿನ ಸಿಲ್ ಹೋತಂದ್ರ ಗಾಡಿ ನಡುವ ಕುಸೀತದ, ಬಾಗಿಲ ಮುಚ್ಚಂಗಿಲ್ಲ.

ಜಂಗು ಅಂದ್ರ ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿ ಆಗೋದು. ಅದು ಮೂಲ ಕಬ್ಬಿಣಕ್ಕಿಂತ ಭಾಳ ಜಾಗ ತಗೋತದ, ಅದಕ್ಕೇ ಪೇಂಟ್ ಗುಳ್ಳಿ ಏಳ್ತದ. ಹೊರಗ ಗುಳ್ಳಿ ಕಂಡ್ತಂದ್ರ ಒಳಗಿನ ಬಾಜು ಯಾವಾಗೋ ತಿಂದದ ಅಂತ ತಿಳ್ಕೋರಿ. ನಮ್ಮ ಕಡೆ ಮಳಿ ವರ್ಷಕ್ಕ 700-800 ಮಿ.ಮೀ. ಅಷ್ಟೇ, ಗಾಳ್ಯಾಗ ಉಪ್ಪಿಲ್ಲ, ಮತ್ತ ಜಂಗು ಎಲ್ಲಿಂದ ಅಂದ್ರ ಎರಿ ಮಣ್ಣು. ತೊಗರಿ ಹೊಲದ ದಾರ್ಯಾಗ ಓಡಿದ ಗಾಡಿದು ಮಡ್‌ಗಾರ್ಡ್ ಒಳಗ ಹೆಡ್‌ಲೈಟ್ ಡಬ್ಬಿ ಹಿಂದ ಸ್ಕ್ರೂಡ್ರೈವರ್ ಹಾಕಿ ಕೆದರಿ ನೋಡ್ರಿ, ಮ್ಯಾಲ ಕಲ್ಲಿನಂಗ ಒಣಗಿದ ಹೆಂಟಿ ಬೀಳ್ತದ, ಪತ್ರಾಕ್ಕ ಹತ್ತಿದ ಪದರು ಮಾತ್ರ ಇನ್ನೂ ತಣ್ಣಗ, ಅದರ ಜೋಡಿ ಕೆಂಪಗ ಪತ್ರಾದ ಹಕ್ಕಳಿನೂ ಬರ್ತಾವ. ಎರಿ ಮಣ್ಣು ನೀರು ಬಿಟ್ಕೊಡಂಗಿಲ್ಲ. ಬಾಗಿಲ ಕೆಳಗಿನ ಅಂಚಿನ್ಯಾಗ ನೀರು ಹೋಗ್ಲಿಕ್ಕಂತ ಕಂಪನಿನೇ ತೂತು ಬಿಟ್ಟಿರ್ತದ, ಅದೂ ಇದೇ ಮಣ್ಣಿಗೆ ಕಟ್ಕೋತದ.

ಚೆಕ್ ಮಾಡ್ಲಿಕ್ಕ ಒಂದು ಸಣ್ಣ ಮ್ಯಾಗ್ನೆಟ್ ಸಾಕು, ತೆಳ್ಳನ ಬಟ್ಟಿ ಸುತ್ತಿ ಬಾಡಿ ಮ್ಯಾಲ ಓಡಿಸ್ರಿ, ಎಲ್ಲಿ ಹಿಡಿಯಂಗಿಲ್ಲೋ ಅಲ್ಲಿ ಕೆಳಗ ತಗ್ಗು ತುಂಬೋ ಪುಟ್ಟಿ ದಪ್ಪ ಬಳದಾರ.

ಈಗ ಗುಜರಿ ಮಾಲು. ಹೊಸಾ ಪ್ಯಾನಲ್ ಸಿಗೋದು ಕಮ್ಮಿ, ಅದಕ್ಕ ಇನ್ನೊಂದು ಸತ್ತ ಗಾಡಿಯಿಂದ ಕಟ್ ಮಾಡಿ ತರ್ತೀವಿ. ಎಲ್ಲರೂ ಮೊದಲ ನೋಡೋದು ಹೊರಗಿನ ಪೇಂಟ್ ಎಷ್ಟು ಚಲೋ ಅದ ಅಂತ, ನನ್ನ ಪ್ರಕಾರ ಅದು ನೋಡೋ ಕೆಲಸಾನೇ ಅಲ್ಲ. ಪ್ಯಾನಲ್ ಹೊಳ್ಳಿಸಿ ಒಳಗಿನ ಬಾಜು ನೋಡ್ರಿ, ಎರಡು ಪತ್ರಾ ಕೂಡಿದ ಜೋಡಣಿ ಉಬ್ಬಿದ್ರ ಬಿಟ್ಟು ಬರ್ರಿ, ಪುಕ್ಕಟೆ ಕೊಟ್ರೂ ಬ್ಯಾಡ. ಹೊರಗ ಬಣ್ಣ ಸುಟ್ಟು ಬೆಳ್ಳಗಾಗಿ ಡೆಂಟ್ ಬಿದ್ದ ಪತ್ರಾ ಒಳಗ ಸಾಫ್ ಇದ್ರ ಅದೇ ಮೇಲು, ಡೆಂಟ್ ಹ್ಯಾಮರ್-ಡಾಲಿಗೆ (ಡಾಲಿ ಅಂದ್ರ ಪತ್ರಾದ ಹಿಂದ ಹಿಡಿಯೋ ಕಬ್ಬಿಣದ ಗಟ್ಟಿ) ಹೋಗ್ತದ, ಜಂಗು ಹೋಗಂಗಿಲ್ಲ.

ಗಾಡಿ ಯಾವ ಊರಾಗ ಓಡಿತ್ತು ಅನ್ನೋದೂ ಕೇಳ್ರಿ. ಮುಂಬೈದಾಗ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ಗೆ ಪೂರಾ ಬಂದಾದವು, 20 ವರ್ಷದ ಮಿತಿ ಮುಗೀತಂತ. ಅಂಥ ಗಾಡಿದು ಸಾಮಾನು ನಿಮ್ಮ ಕೈಗೆ ಬಂದ್ರ ಗ್ಲಾಸು, ಹ್ಯಾಂಡಲ್, ಬಾಗಿಲ ಹಿಂಜು ಆರಾಮ ತಗೋರಿ, ಸಿಲ್ಲು ಫ್ಲೋರು ಮಾತ್ರ ದೂರ ಇಡ್ರಿ, ಯಾಕಂದ್ರ ಅಲ್ಲಿ ಮಳಿ 2000 ಮಿ.ಮೀ. ದಾಟ್ತದ, ಮ್ಯಾಲ ಸಮುದ್ರದ ಉಪ್ಪಿನ ಗಾಳಿ. ಟಾಪ್ ಮ್ಯಾಲ ಕ್ಯಾರಿಯರ್ ಕೂತಲ್ಲಿನೂ ನೋಡ್ರಿ. ಸಿಎನ್‌ಜಿ ಟ್ಯಾಂಕ್ ಇದ್ದ ಗಾಡಿ ಆದ್ರ ಡಿಕ್ಕಿ ಫ್ಲೋರಿನ್ಯಾಗ ಬೋಲ್ಟ್ ತೂತು ಇರ್ತಾವ. ಇನ್ನ 50ರ ದಶಕದ ಡುಕ್ಕರ್ ಫಿಯಾಟಿನ ಮುಂದಿನ ಬಾಗಿಲ ಉಲ್ಟಾ ತೆರೀತಾವ, ಪದ್ಮಿನಿಗೆ ಕೂಡಂಗಿಲ್ಲ, ಎರಡೂ ಫಿಯಾಟ್ 1100 ಖಾನ್‌ದಾನೇ ಅಂತ ನಂಬಿ ರೊಕ್ಕ ಕೊಡಬ್ಯಾಡ್ರಿ.

ಕಟ್ ಮಾಡಿಸೋವಾಗ ಬೇಕಾದಕ್ಕಿಂತ ನಾಕು ಬೆರಳು ಜಾಸ್ತಿನೇ ಕೊಯ್ಸಿ ತರ್ರಿ. ಗುಜರಿ ಅಂಗಡ್ಯಾಗ ಗ್ಯಾಸ್ ಕಟರ್ ಹಚ್ಚಿ ಫಟಾಫಟ್ ಕೊಯ್ತಾರ, ಆ ಅಂಚು ಸುಟ್ಟು ಸೊಟ್ಟಾಗ್ತದ, ಅದನ್ನ ತೆಗೆದ್ ಮ್ಯಾಲ ಉಳಿಯೋದೇ ನಿಮ್ಮ ಪತ್ರಾ. ಸಾಧ್ಯ ಆದ್ರ ನಿಮ್ಮದೇ ಗ್ರೈಂಡರ್ ಒಯ್ಯೋದು ಚಲೋ. ಕಂಪನಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಸ್ಪಾಟ್ ವೆಲ್ಡ್ ಬಿಚ್ಚಲಿಕ್ಕ 8 ಎಂಎಂ ಡ್ರಿಲ್ ಮ್ಯಾಲಿನ ಪತ್ರಾ ಒಂದಕ್ಕೇ ಹೊಡೀರಿ, ಕೆಳಗಿಂದು ಹಂಗೇ ಉಳೀಬೇಕು.

ನಿಮ್ಮ ಗಾಡಿ ಸಿಲ್ ಕೊಯ್ಯೋಕ್ಕಿಂತ ಮೊದಲ ಬಾಗಿಲಿನ ಚೌಕಟ್ಟಿಗೆ ಅಡ್ಡ ಸ್ಕ್ವೇರ್ ಪೈಪ್ ಟ್ಯಾಕ್ (ತಾತ್ಪೂರ್ತಿ ಸಣ್ಣ ವೆಲ್ಡ್) ಹೊಡೀರಿ, ಮೂಲಿಯಿಂದ ಮೂಲಿಗೆ ಅಳತಿ ತಗೊಂಡು ಗೋಡಿ ಮ್ಯಾಲ ಬರ್ದಿಡ್ರಿ, ಒಂದು ಬಾಜು ಮುಗದು ಬಾಗಿಲ ಕೂಡಿಸಿ ನೋಡಿದ್ ಮ್ಯಾಲನೇ ಇನ್ನೊಂದು ಬಾಜು ಮುಟ್ರಿ. ನಡುವ ಜಾಕ್ ಕೊಟ್ಟು ಎತ್ತಿ ಕೊಯ್ದ್ರ ಗಾಡಿ ಬಾಗಿದ ಆಕಾರದಾಗೇ ವೆಲ್ಡ್ ಆಗ್ತದ, ಆಮ್ಯಾಲ ಹಿಂಜಿಗೆ ವಾಷರ್ ಹಾಕ್ಕೋತ ಕೂಡ್ಬೇಕು. ಪೆಟ್ರೋಲ್ ಟ್ಯಾಂಕ್ ಇಳಸ್ರಿ, ಬ್ಯಾಟರಿ ತೆಗೀರಿ, ಇದು ಹೇಳ್ಬೇಕಾದ ಮಾತೇ ಅಲ್ಲ ಖರೇ, ಆದ್ರೂ ಹೇಳ್ತೀನಿ.

ಪತ್ರಾ 20 ಗೇಜ್ ಅಂದ್ರ 0.9 ಎಂಎಂ ಆಜೂಬಾಜು. ಇದಕ್ಕ ಆರ್ಕ್ ವೆಲ್ಡಿಂಗ್ ಹಚ್ಚಿದ್ರ ತೂತೇ. ಸಿಓಟೂ ವೆಲ್ಡಿಂಗ್ (ಗ್ಯಾಸ್ ಜೋಡಿ ವೈರ್ ತಾನೇ ಬರೋ ಮಿಗ್ ವೆಲ್ಡಿಂಗ್), 0.8 ಎಂಎಂ ವೈರ್, ಅದೂ ಒಂದೇ ಎಳತಕ್ಕ ಎಳೀಬ್ಯಾಡ್ರಿ, ಇಲ್ಲೊಂದು ಚುಕ್ಕಿ, ಅಲ್ಲಿ ಆ ತುದಿಗೊಂದು ಚುಕ್ಕಿ, ಆರಲಿಕ್ಕ ಬಿಟ್ಟು ಮತ್ತ ನಡುವ ಒಂದು. ಜಿಐ ಪತ್ರಾ, ಅಂದ್ರ ಝಿಂಕ್ ಲೇಪದ ಪತ್ರಾ, ವೆಲ್ಡ್ ಮಾಡೋದಾದ್ರ ಝಿಂಕ್ ಮೊದಲ ಉಜ್ಜಿ ತೆಗೀರಿ, ಆ ಬಿಳಿ ಹೊಗಿ ಕುಡದ್ರ ರಾತ್ರಿ ಚಳಿಜ್ವರ ಬರ್ತದ.

ಪುಟ್ಟಿ ಬರೀ ಪತ್ರಾಕ್ಕ ಸೀದಾ ಹಚ್ಚಬೇಕೋ, ಪ್ರೈಮರ್ ಮ್ಯಾಲ ಹಚ್ಚಬೇಕೋ ಅಂತ ಜಗಳ ಭಾಳ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರ್ತದ, ಅದಕ್ಕ ಬರೀ ಪತ್ರಾ ಮ್ಯಾಲ ಮೊದಲ ಇಪಾಕ್ಸಿ ಪ್ರೈಮರ್, ಅದರ ಮ್ಯಾಲ ತೆಳ್ಳಗ ಪುಟ್ಟಿ ಅನ್ನೋ ಬಾಜು ನಾನು. ಕೈ ಹೋಗದ ಸಂದಿನ್ಯಾಗ ಫಾಸ್ಫಾರಿಕ್ ಆಸಿಡ್ ಇರೋ ಜಂಗು ಕನ್ವರ್ಟರ್ (ಜಂಗನ್ನ ಬದಲಿಸೋ ದ್ರಾವಣ) ಹಾಕ್ರಿ, ಆದ್ರ ಹಕ್ಕಳಿ ಹಕ್ಕಳಿ ಎದ್ದ ಜಂಗಿಗೆ ಅದೇನೂ ಮಾಡಂಗಿಲ್ಲ. ಮೇ ತಿಂಗಳ ಬಿಸಲಾಗ ಪುಟ್ಟಿಗೆ ಗಟ್ಟಿ ಮಾಡೋ ಹಾರ್ಡ್ನರ್ 2 ಪರ್ಸೆಂಟ್ ಹಾಕಿದ್ರೂ ಕೈಯಾಗೇ ಗಟ್ಟಿ ಆಗ್ತದ, ನಸುಕಿನ್ಯಾಗೇ ಕೆಲಸ ಮುಗಸ್ರಿ. ಸಿಲ್ ಒಳಗ ಕೊನೀಕ ವ್ಯಾಕ್ಸ್ ಸ್ಪ್ರೇ, ವೆಲ್ಡಿಂಗ್ ಎಲ್ಲಾ ಆದ್ ಮ್ಯಾಲ, ಇಲ್ಲಂದ್ರ ಬೆಂಕಿ ಹತ್ತತದ.

ಕಾಗದಪತ್ರದ ಮಾತು: 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿಗೆ ವಿಎ ಅನ್ನೋ ವಿಂಟೇಜ್ ಗಾಡಿ ನಂಬರ್ ಸಿಗ್ತದ, ಆದ್ರ ಚಾಸಿ, ಬಾಡಿ ಶೆಲ್, ಇಂಜಿನ್ ಮಾರ್ಪಾಡು ಆಗಿರಬಾರ್ದು. ನಮ್ಮದ್ರಾಗ ಬಾಡಿನೇ ಚಾಸಿ ಅಲ್ಲೇನ್ರಿ, ಹಂಗಾಗಿ ಅಸಲಿ ಆಕಾರದ್ದೇ ಪತ್ರಾ ಹಾಕ್ರಿ, ಚಾಸಿ ನಂಬರ್ ಇದ್ದ ಜಾಗಕ್ಕ ಗ್ರೈಂಡರ್ ತಾಗಿಸ್ಬ್ಯಾಡ್ರಿ, ಕೊಯ್ಯೋಕ್ಕಿಂತ ಮೊದಲ ಒಂದು ಫೋಟೋ, ವೆಲ್ಡ್ ಆದ್ ಮ್ಯಾಲ ಪ್ರೈಮರ್ ಹಾಕೋಕ್ಕಿಂತ ಮೊದಲ ಒಂದು ಫೋಟೋ ತಕ್ಕೊಂಡು, ಗುಜರಿ ಅಂಗಡಿ ಚೀಟಿ ಜೋಡಿ ಒಂದೇ ಫೈಲಿನ್ಯಾಗ ಇಡ್ರಿ.