ಪದಕ್ಕೆ ಕಾಲು ಬರುವುದು ಸುಮ್ಮನೆ ಅಲ್ಲ

"ಮಾಸ್ಟ್ರೇ, ಕನ್ನಡದಲ್ಲಿ ಪದವನ್ನು ಎಲ್ಲಿಟ್ಟರೂ ಅರ್ಥ ಒಂದೇ ಅಲ್ವಾ?"

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರೇನೂ ದಡ್ಡರಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲಿ ಮಲಯಾಳದಲ್ಲಿ ಚಿಲ್ಲರೆಗೆ ಜಗಳ ಮಾಡಬಲ್ಲ ಕಾಸರಗೋಡಿನ ಹುಡುಗ ಹುಡುಗಿಯರು. ಬಾಯಿಯಲ್ಲಿ ಒಂದು ಪದವೂ ಅವರಿಗೆ ತಪ್ಪುವುದಿಲ್ಲ. ಅನುವಾದಕ್ಕೆಂದು ಪೆನ್ನು ಹಿಡಿದ ಕೂಡಲೇ ಎಲ್ಲಿಂದ ಬರುತ್ತದೋ ಈ ಸಿದ್ಧಾಂತ. "ವಿಭಕ್ತಿ ಉಂಟಲ್ಲ, ಮತ್ತೆಂತ ಹೆದರಿಕೆ?" ಎನ್ನುತ್ತಾರೆ. ಕಲಿಸುತ್ತಿದ್ದಾಗ ತರಗತಿಯಲ್ಲಿ ಕೇಳಿದೆ. ನಿವೃತ್ತಿಯ ನಂತರ ಮಲಯಾಳದಿಂದ ಕನ್ನಡಕ್ಕೆ ಬಂದ ಸುತ್ತೋಲೆ, ಕೈಪಿಡಿ, ಮಾದರಿ ಪ್ರಶ್ನೆಪತ್ರಿಕೆಗಳನ್ನು ತಿದ್ದುವಾಗ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದೇನೆ. 1956ರ ನವೆಂಬರ್ 1ಕ್ಕೆ ಈ ಊರು ಕೇರಳಕ್ಕೆ ಸೇರಿದ ಮೇಲೆ ತಿದ್ದುವ ಕೆಲಸಕ್ಕಂತೂ ಇಲ್ಲಿ ಬರಗಾಲ ಬಂದದ್ದಿಲ್ಲ.

ಒಮ್ಮೆ ಒಂದು ಕಚೇರಿಗೆ ಹೀಗೊಂದು ಸಾಲು ಬರೆದುಕೊಟ್ಟಿದ್ದೆ: "ಮಾರ್ಚ್ 31ರ ಒಳಗೆ ನಿವೃತ್ತರಾಗುವವರು ಅರ್ಜಿ ಸಲ್ಲಿಸಬೇಕು." ಅಲ್ಲಿ ಯಾರಿಗೋ ದಿನಾಂಕ ವಾಕ್ಯದ ಮೊದಲಿಗೇ ಬಂದದ್ದು ಚೆಂದ ಕಾಣಲಿಲ್ಲ. "ನಿವೃತ್ತರಾಗುವವರು ಮಾರ್ಚ್ 31ರ ಒಳಗೆ ಅರ್ಜಿ ಸಲ್ಲಿಸಬೇಕು" ಎಂದು ತಿದ್ದಿ ಅಂಟಿಸಿಬಿಟ್ಟರು. ಒಂದು ಪದವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಮೊದಲಿನ ವಾಕ್ಯದಲ್ಲಿ ಗಡುವು ಇದ್ದದ್ದು ನಿವೃತ್ತಿಗೆ, ಎರಡನೆಯದರಲ್ಲಿ ಅರ್ಜಿಗೆ. ಇನ್ನೂ ಆರು ವರ್ಷ ಸರ್ವೀಸು ಇದ್ದವರೂ ಅರ್ಜಿ ಹಿಡಿದುಕೊಂಡು ಬಂದರು. ತಪ್ಪು ನನ್ನದೂ ಹೌದು. ಹಾಗೆ ಎರಡು ಕಡೆ ಜೋತುಬೀಳಬಹುದಾದ ದಿನಾಂಕವನ್ನು ನಾನು ಬರೆಯಲೇಬಾರದಿತ್ತು. ಆದರೆ ತಿದ್ದಿದವರು ಕೊಟ್ಟ ಉತ್ತರ ನೋಡಿ: "ಪದ ಎಲ್ಲಾ ಹಾಗೇ ಉಂಟಲ್ಲ ಮಾಸ್ಟ್ರೇ!"

ಹಾಗಾಗಿ ಈ ಒಂದು ವಿಷಯವನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಬೇಸರ ಬಂದರೆ ಚಹಾ ಕುಡಿದು ಬನ್ನಿ.

ವಾಕ್ಯದಲ್ಲಿ ನಿಂತ ಪದಕ್ಕೆ ಎರಡು ಕೆಲಸ ಇರುತ್ತದೆ. ಒಂದು, ಕ್ರಿಯಾಪದಕ್ಕೆ ತಾನೇನಾಗಬೇಕು ಎಂದು ಹೇಳುವುದು: ಮಾಡಿದವನೋ, ಮಾಡಿಸಿಕೊಂಡವನೋ, ಕೊಟ್ಟವನೋ, ತೆಗೆದುಕೊಂಡವನೋ. ಇದನ್ನು ವಿಭಕ್ತಿ ನೋಡಿಕೊಳ್ಳುತ್ತದೆ, ಒಪ್ಪಿದೆ. ಎರಡನೆಯದು, ಈಗ ನಡೆಯುತ್ತಿರುವ ಮಾತಿನಲ್ಲಿ ತನ್ನ ಪಾತ್ರ ಏನು ಎಂದು ಹೇಳುವುದು: ಯಾರ ಸುದ್ದಿ ನಡೆಯುತ್ತಿದೆ, ಅದರಲ್ಲಿ ಗೊತ್ತಿದ್ದದ್ದು ಯಾವುದು, ಹೊಸದು ಯಾವುದು, ಕೇಳಿದ್ದು ಏನನ್ನು. ಇದಕ್ಕೆ ವಿಭಕ್ತಿಯಿಂದ ಪ್ರಯೋಜನ ಇಲ್ಲ. ಇದನ್ನು ಹೇಳುವುದು ನಿಂತ ಜಾಗ. ಒಂದೇ ಪದ, ಎರಡು ಚಾಕರಿ, ಎರಡಕ್ಕೂ ಬೇರೆ ಬೇರೆ ಜಾಗ. ಮತ್ತೆ ನಡೆಯದೆ ಏನು ಮಾಡುತ್ತದೆ?

ಪರೀಕ್ಷೆ ಸುಲಭ. "ಪುಟ್ಟನಿಗೆ ಸೈಕಲ್ ಯಾರು ತಂದುಕೊಟ್ಟರು?" ಎಂದು ಕೇಳಿ. "ಪುಟ್ಟನಿಗೆ ಸೈಕಲ್ ಅಪ್ಪ ತಂದುಕೊಟ್ಟರು" ಎಂಬ ಉತ್ತರ ಬರುತ್ತದೆ. "ಅಪ್ಪ ಸೈಕಲ್ಲನ್ನು ಯಾರಿಗೆ ತಂದುಕೊಟ್ಟರು?" ಎಂದರೆ "ಅಪ್ಪ ಸೈಕಲ್ಲನ್ನು ಪುಟ್ಟನಿಗೆ ತಂದುಕೊಟ್ಟರು." ಉತ್ತರದ ಪದ ಕ್ರಿಯಾಪದದ ಬಾಗಿಲಿಗೇ ಬಂದು ನಿಂತದ್ದನ್ನು ನೋಡಿದಿರಾ? ಈಗ ಉತ್ತರಗಳನ್ನು ಅದಲುಬದಲು ಮಾಡಿ ಓದಿ. ವ್ಯಾಕರಣದ ತಪ್ಪು ಎಂದು ಕೆಂಪು ಗೆರೆ ಎಳೆಯುವಂತಿಲ್ಲ, ಆದರೆ ಕೇಳಿದವರ ಹುಬ್ಬು ಗಂಟಾಗುತ್ತದೆ. ಮಾತಿನಲ್ಲಾದರೆ ದನಿ ಏರಿಸಿ ಪಾರಾಗಬಹುದು. ಕಾಗದಕ್ಕೆ ದನಿ ಇಲ್ಲವಲ್ಲ.

ನಮ್ಮ ಕಾಲದಲ್ಲಿ ಕಾವ್ಯ ಓದಿಸುವಾಗ "ಅನ್ವಯ ಮಾಡು" ಎನ್ನುತ್ತಿದ್ದರು. ಷಟ್ಪದಿಯ ತುಂಬ ಚೆಲ್ಲಿದ ಪದಗಳನ್ನು ಹೆಕ್ಕಿ, ಕರ್ತೃ ಇಲ್ಲಿ, ಕರ್ಮ ಅಲ್ಲಿ, ಕ್ರಿಯಾಪದ ಕೊನೆಗೆ ಎಂದು ಗದ್ಯದ ಸಾಲಿಗೆ ಕೂರಿಸುವುದು. ಒಳ್ಳೆಯ ಅಭ್ಯಾಸವೇ. ಆದರೆ ಅದು ಅರ್ಧ ಪಾಠ. ಪದಗಳನ್ನು ಮನೆಗೆ ಮುಟ್ಟಿಸುವುದನ್ನು ಕಲಿತೆವು. ಅವು ಮನೆ ಬಿಟ್ಟು ಹೊರಟದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. "ಛಂದಸ್ಸಿಗೋಸ್ಕರ" ಎಂದು ಬಾಯಿ ಮುಚ್ಚಿಸಿದರು. ಎಲ್ಲಿಟ್ಟರೂ ಒಂದೇ ಎಂಬ ನಂಬಿಕೆ ಅಲ್ಲೇ ಹುಟ್ಟಿತೋ ಎಂಬ ಗುಮಾನಿ ನನಗೆ.

ಹಾಗೆಂದು ನಮ್ಮ ಮಕ್ಕಳನ್ನೇ ಬೈದು ಪ್ರಯೋಜನ ಇಲ್ಲ. ದೊಡ್ಡವರೂ ಹಾಗೆಯೇ ಅಂದುಕೊಂಡಿದ್ದರು. ಪದಗಳ ಚಲನೆಯನ್ನು ಲೆಕ್ಕದ ಶಿಸ್ತಿನಿಂದ ನೋಡುವ ದಾರಿ 1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರ ಪುಟ್ಟ ಪುಸ್ತಕದಿಂದ ತೆರೆಯಿತು. ಹತ್ತು ವರ್ಷದ ನಂತರ, 1967ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ, ಜಾನ್ ರಾಬರ್ಟ್ ರಾಸ್ ಪದಗಳ ಈ ಅದಲುಬದಲಿಗೆ ಮೊಟ್ಟೆ ಕಲಕುವುದನ್ನು ನೆನಪಿಸುವ 'ಸ್ಕ್ರ್ಯಾಂಬ್ಲಿಂಗ್' ಎಂಬ ಹೆಸರನ್ನು ಇಟ್ಟರು. ಇಟ್ಟವರು ಅದನ್ನು ವ್ಯಾಕರಣದ ಚಾವಡಿಗೆ ಹತ್ತಿಸದೆ ಶೈಲಿಯ ಜಗಲಿಯಲ್ಲೇ ಕೂರಿಸಿದರು. ಜಪಾನಿ, ಜರ್ಮನ್, ಹಿಂದಿ, ಮಲಯಾಳಗಳನ್ನು ಬಲ್ಲವರು ಕೂತು ನೋಡಿದ ಮೇಲೆ ತಾನೇ ಗೊತ್ತಾದದ್ದು, ಕಲಕಿದಂತೆ ಕಾಣುವುದರಲ್ಲೂ ಕಟ್ಟುಪಾಡು ಉಂಟು ಎಂದು.

"ಬೇರೆ ಕಡೆ ಇಟ್ಟರು ಎಂದರೆ ಸಾಲದೆ, ಪದ ಜಾಗ ಬಿಟ್ಟು ಸರಿಯಿತು ಅಂತ ಯಾಕೆ ಹೇಳುವುದು?" ಎಂದು ಪೆರಿಯದ ವಿಶ್ವವಿದ್ಯಾನಿಲಯಕ್ಕೆ ಹೋಗುವ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ಅವಳಿಗೆ ಒಂದು ಎಳನೀರು ಕೊಡಿಸಿದೆ. ಉತ್ತರ ಹೀಗೆ. "ಅಮ್ಮ ತನ್ನ ಮಗನನ್ನು ಕರೆದಳು." ಇಲ್ಲಿ 'ತನ್ನ' ಎಂದರೆ ಅಮ್ಮನ. ಈಗ "ತನ್ನ ಮಗನನ್ನು ಅಮ್ಮ ಕರೆದಳು" ಎನ್ನಿ. 'ತನ್ನ' ಮುಂದೆ ಬಂತು, ಯಾರ 'ತನ್ನ' ಎಂದು ಹೇಳಬೇಕಾದ ಅಮ್ಮ ಹಿಂದೆ ಬಿದ್ದಳು. ಆದರೂ ನಮಗೇನೂ ಗೊಂದಲ ಇಲ್ಲ, ಅದು ಅಮ್ಮನ ಮಗನೇ. ಯಾಕೆಂದರೆ ಕಿವಿಗೆ ಆ ಪದಗುಚ್ಛ ಮುಂದೆ ಕೇಳಿದರೂ ಮನಸ್ಸು ಅದನ್ನು ಅದರ ಹಳೆಯ ಜಾಗದಲ್ಲೂ ಓದುತ್ತಿದೆ. ಹೊಸ ಜಾಗದಲ್ಲಿ ಕಾಣಿಸಿಕೊಂಡರೂ ಹಳೆಯ ಜಾಗದ ಋಣ ತೀರಿಲ್ಲ. 1970ರ ದಶಕದಲ್ಲಿ ಇದಕ್ಕೆ 'ಹೆಜ್ಜೆ ಗುರುತು' ಎಂಬರ್ಥದ ಹೆಸರಿತ್ತು. 90ರ ದಶಕದಲ್ಲಿ ಚಾಮ್‌ಸ್ಕಿಯವರೇ, ಗುರುತಲ್ಲ, ಅಲ್ಲಿ ಪದದ ಇನ್ನೊಂದು ನಕಲೇ ಉಂಟು, ನಾವು ಅದನ್ನು ಉಚ್ಚರಿಸುವುದಿಲ್ಲ ಅಷ್ಟೇ ಎಂದರು. ಬರೀ ಜಾಗ ಬದಲಾವಣೆಯಾಗಿದ್ದರೆ ಈ ಎರಡೂರಿನ ವಾಸ ಇರುತ್ತಿರಲಿಲ್ಲ.

ಅದೇ ಕಾಲದ ಇನ್ನೊಂದು ವಾದ ನನಗೆ ಇಷ್ಟ. ಕೂಲಿ ಇಲ್ಲದೆ ಪದ ಕದಲುವುದಿಲ್ಲ ಎನ್ನುತ್ತದೆ ಅದು. ನಡೆದರೆ ಏನಾದರೊಂದು ಸಿಗಬೇಕು, ಸಿಗುವುದಿಲ್ಲವಾದರೆ ಕುಳಿತಲ್ಲೇ ಕುಳಿತಿರುತ್ತದೆ. ನಮ್ಮಲ್ಲೇ ನೋಡಿ. "ಎಲ್ಲ ಮಕ್ಕಳೂ ಒಂದು ಪುಸ್ತಕವನ್ನು ಓದಿದರು" ಎಂದರೆ ಒಬ್ಬೊಬ್ಬರು ಒಂದೊಂದು ಓದಿರಬಹುದು, ಎಲ್ಲರೂ ಒಂದನ್ನೇ ಓದಿರಲೂಬಹುದು. "ಒಂದು ಪುಸ್ತಕವನ್ನು ಎಲ್ಲ ಮಕ್ಕಳೂ ಓದಿದರು" ಎಂದರೆ ಬಹುಮಟ್ಟಿಗೆ ಒಂದೇ ಪುಸ್ತಕ. ಮುಂದೆ ಬಂದದ್ದಕ್ಕೆ ಸಿಕ್ಕ ಕೂಲಿ ಅದು. ಬಹುಮಟ್ಟಿಗೆ ಎಂದೆ, ಯಾಕೆಂದರೆ ಇಂಥ ವಾಕ್ಯಗಳಲ್ಲಿ ಕಿವಿಯಿಂದ ಕಿವಿಗೆ ತೀರ್ಪು ಸ್ವಲ್ಪ ಬದಲಾಗುತ್ತದೆ. ಜಪಾನಿಯಲ್ಲಿ ಕೆಲವು ಚಲನೆಗಳಿಗೆ ಅರ್ಥದ ಕೂಲಿಯೇ ಇಲ್ಲ, ಮನಸ್ಸು ಅವನ್ನು ಹಿಂದಕ್ಕೇ ಕಳಿಸುತ್ತದೆ ಎಂದು ವಾದಿಸಿದವರೂ ಇದ್ದಾರೆ. ಆ ಜಗಳ ತೀರಿಲ್ಲ.

ಹೋಗಬಾರದ ಕಡೆಗಳೂ ಉಂಟು. ರಾಸ್ ಅವರ ಅದೇ ಪ್ರಬಂಧದ ದೊಡ್ಡ ಕೊಡುಗೆ ಇದು. ವಾಕ್ಯದ ಕೆಲವು ಭಾಗಗಳ ಒಳಗಿಂದ ಪದ ಹೊರಗೆ ಬರಲಾರದು ಎಂದು ತೋರಿಸಿ ಅವುಗಳನ್ನು ದ್ವೀಪ ಎಂದರು. ನಾನು ಕುದ್ರು ಎನ್ನುತ್ತೇನೆ. ಹೊಳೆಬದಿಯ ನಮ್ಮ ಮಕ್ಕಳಿಗೆ ದ್ವೀಪಕ್ಕಿಂತ ಕುದ್ರು ಬೇಗ ಅರ್ಥವಾಗುತ್ತದೆ. "ನಿವೃತ್ತರಾಗುವವರು" ಎಂಬುದು ಅಂಥ ಒಂದು ಕುದ್ರು. ದಿನಾಂಕ ಅದರೊಳಗೆ ಇದ್ದಾಗ ನಿವೃತ್ತಿಯ ಕೈಹಿಡಿದಿತ್ತು. ಕಚೇರಿಯವರು ಅದನ್ನು ಎತ್ತಿ ಈಚೆ ದಡಕ್ಕೆ ಹಾಕಿದರು. ಅಲ್ಲಿ ಕಡವು ಇಲ್ಲ, ದೋಣಿ ಇಲ್ಲ, ಹಿಂದಿರುಗಿ ಹೋಗಿ ನಿವೃತ್ತಿಯನ್ನು ಸೇರುವ ದಾರಿಯೇ ಇಲ್ಲ. ದಿನಾಂಕ ಈಚೆ ದಡದಲ್ಲಿ ಸಿಕ್ಕ ಕ್ರಿಯಾಪದಕ್ಕೆ ಜೋತುಬಿತ್ತು. 'ತನ್ನ ಮಗನನ್ನು' ಮುಂದೆ ಹೋಗಿಯೂ ಮನೆಯ ಸಂಬಂಧ ಉಳಿಸಿಕೊಂಡಿತು, ದಿನಾಂಕ ಉಳಿಸಿಕೊಳ್ಳಲಿಲ್ಲ. ಕಾರಣ ಆ ಕುದ್ರು. ಅನುವಾದಕರು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. 'ಮಾಡುವ', 'ಮಾಡಿದ', 'ಮಾಡಿದವರು' ಎಂಬಂಥದ್ದು ಕಂಡರೆ ಅದರ ಒಳಗಿನದನ್ನು ಮುಟ್ಟಬೇಡಿ.

ಇನ್ನು ನಮ್ಮ ಊರಿನದ್ದೇ ವಿಶೇಷ ಕಾಯಿಲೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದ ಓಡಿ ವಾಕ್ಯದ ತಲೆಗೆ ಹೋಗುತ್ತದೆ. ಕನ್ನಡದಲ್ಲಿ ಅದಕ್ಕೆ ಅವಸರ ಇಲ್ಲ, ಇದ್ದಲ್ಲೇ ಇದ್ದು ಕೇಳುತ್ತದೆ. ಮಲಯಾಳದ ಪ್ರಶ್ನೆಪದಕ್ಕೆ ಕ್ರಿಯಾಪದದ ಪಕ್ಕವೇ ಬೇಕು. "ನಿನ್ನೆ ಆರ್ ಅಡಿಚ್ಚು?" ಎಂದರೆ ಸರಿ, "ಆರ್ ನಿನ್ನೆ ಅಡಿಚ್ಚು?" ಎಂದರೆ ಮಲಯಾಳದವರು ಒಪ್ಪುವುದಿಲ್ಲ. ಭಾಷಾವಿಜ್ಞಾನಿ ಕೆ.ಎ. ಜಯಸೀಲನ್ ಈ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಕ್ರಿಯಾಪದದ ಹೊಸ್ತಿಲಲ್ಲಿ ಒತ್ತಿ ಹೇಳುವ ಮಾತಿಗೆಂದೇ ಒಂದು ಜಾಗ ಉಂಟು, ಪ್ರಶ್ನೆಪದ ಅಲ್ಲಿಗೆ ಹೋಗುತ್ತದೆ ಎಂದು ಅವರ ವಾದ. ನಮ್ಮಲ್ಲಿ "ಯಾರು ನಿನ್ನನ್ನು ಹೊಡೆದರು?" ಎಂದರೂ ನಡೆಯುತ್ತದೆ. (ಅಂದ ಹಾಗೆ ಮಲಯಾಳದ ಆ 'ನಿನ್ನೆ' ಎಂದರೆ 'ನಿನ್ನನ್ನು'. ಒಂದನೇ ಕ್ಲಾಸಿನ ಮಗುವೊಂದು ಅಳುತ್ತಾ ಬಂದಾಗ ಮಲಯಾಳದ ಟೀಚರು "ನಿನ್ನೆ ಆರ್ ಅಡಿಚ್ಚು?" ಎಂದು ಕೇಳಿದರು. ಮಗು ಅಳು ನಿಲ್ಲಿಸಿ, "ನಿನ್ನೆ ಅಲ್ಲ ಟೀಚರ್, ಇವತ್ತು" ಎಂದಿತು.)

ಮಲಯಾಳಕ್ಕೆ ಇನ್ನೊಂದು ದಾರಿಯೂ ಉಂಟು. ಒತ್ತಬೇಕಾದ ಪದಕ್ಕೆ 'ಆಣ್' ಸೇರಿಸಿ ವಾಕ್ಯವನ್ನು ಎರಡಾಗಿ ಸೀಳುವುದು: "ಆರಾಣ್ ವನ್ನತ್?" ಎಂದರೆ ಬಂದದ್ದು ಯಾರು ಎಂದು. ಅಲ್ಲಿನ 'ಆಣ್' ಬೇಲಿಗೂಟ ಇದ್ದ ಹಾಗೆ, ಒತ್ತು ಇಲ್ಲಿಗೆ ಎಂದು ತೋರಿಸುವುದೇ ಅದರ ಕೆಲಸ. ನಮ್ಮ ಅನುವಾದಕರು ಆ ಗೂಟವನ್ನೂ ಕಿತ್ತು ತಂದು, 'ಆಗಿದೆ' ಎಂದು ಮಾಡಿ ಕನ್ನಡದ ತೋಟದಲ್ಲಿ ಊರುತ್ತಾರೆ. "ಕೆಳಗಿನವುಗಳಲ್ಲಿ ಸರಿಯಾದುದು ಯಾವುದಾಗಿದೆ?" ಯಾವುದು ಎಂದರೆ ಸಾಕಲ್ಲ ಮಾರಾಯ, ಅದು ಎಂತಕ್ಕೆ 'ಆಗಬೇಕು'? "ಕೇರಳದ ರಾಜಧಾನಿ ತಿರುವನಂತಪುರವಾಗಿದೆ" ಎಂದು ಓದಿದರೆ ನಿನ್ನೆಯವರೆಗೆ ಬೇರೆ ಏನೋ ಆಗಿತ್ತು ಅನಿಸುತ್ತದೆ.

ಕನ್ನಡಕ್ಕೆ ಸೀಳುವುದು ಗೊತ್ತಿಲ್ಲವೆಂದಲ್ಲ. "ಬಂದದ್ದು ಯಾರು?" "ತಂದುಕೊಟ್ಟದ್ದು ಅಪ್ಪ." ನಮ್ಮಲ್ಲಿ ಗೂಟ ಬೇಡ. ಕ್ರಿಯೆಯನ್ನು 'ಅದು' ಮಾಡಿ ಮುಂದಿಟ್ಟು, ಒತ್ತುವ ಪದವನ್ನು ಕೊನೆಗೆ ತಂದರೆ ಆಯಿತು. ಕರಾವಳಿಯವರಂತೂ "ಯಾರು ಬಂದದ್ದು?" ಎಂದೇ ಕೇಳುವುದು. ತುಳುವಿನಲ್ಲಿ "ಏರ್ ಬತ್ತಿನಿ?", ಹವ್ಯಕದಲ್ಲಿ "ಆರು ಬಂದದು?" ಬೆಂಗಳೂರಿನವರು ಇದನ್ನು ಕೇಳಿ ನಕ್ಕರೆ ನಗಲಿ.

ಈ ಸೀಳುವಿಕೆಗೆ ಎಷ್ಟು ಶಕ್ತಿ ಉಂಟು ಎಂದು ನೋಡಬೇಕಾದರೆ ತಾಳಮದ್ದಳೆಗೆ ಬರಬೇಕು, ವೇಷ ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ. ಬದಿಯಡ್ಕದ ಕಡೆ ಒಮ್ಮೆ ವಾಲಿವಧೆ. ವಾಲಿ ಕೇಳಿದ: "ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ?" ಯಾಕೆ ಎಂಬುದಷ್ಟೇ ಪ್ರಶ್ನೆ, ಮರೆಯಲ್ಲಿ ನಿಂತದ್ದು, ಹೊಡೆದದ್ದು ಎರಡೂ ಆಗಲೇ ಒಪ್ಪಿಕೊಂಡ ಮಾತಾಗಿ ಕುಳಿತುಬಿಟ್ಟವು. ರಾಮ ಯಾಕೆ ಎಂಬುದಕ್ಕೆ ಬಾಯಿ ತೆರೆದರೆ ಸೋತ. ರಾಮನ ಮಾತನಾಡುವ ಅರ್ಥಧಾರಿಯೂ ಹಳೆಯ ಹುಲಿ. "ಮರೆಯಲ್ಲಿ ನಿಂತದ್ದು ನಾನೋ, ನನ್ನನ್ನು ಕಾಣದೆ ನಿಂತದ್ದು ನೀನೋ?" ಎಂದು ಒತ್ತನ್ನೇ ತಿರುಗಿಸಿಬಿಟ್ಟರು. ಚಪ್ಪಾಳೆ. ಇಬ್ಬರೂ ವಾಕ್ಯಸಿದ್ಧಾಂತದ ಪುಸ್ತಕ ಮುಟ್ಟಿದವರಲ್ಲ.

ಒಂದು ಎಚ್ಚರಿಕೆ. ಪದ ನಡೆಯುತ್ತದೆ ಎಂಬುದೇ ಒಂದು ಸಿದ್ಧಾಂತ, ಕಣ್ಣಿಗೆ ಕಂಡ ಸಂಗತಿಯಲ್ಲ. ಯಾವ ಪದವೂ ನಡೆಯುವುದಿಲ್ಲ, ಸಂಬಂಧಗಳನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು ಎನ್ನುವವರೂ ಇದ್ದಾರೆ. ಮಲಯಾಳವನ್ನೇ ಹಿಡಿದುಕೊಂಡು ಭಾಷಾವಿಜ್ಞಾನಿ ಕೆ.ಪಿ. ಮೋಹನನ್ 1982ರಲ್ಲಿ ಆ ಬಗೆಯ ವಿಶ್ಲೇಷಣೆ ಕೊಟ್ಟಿದ್ದಾರೆ, ಸದೃಢವಾದದ್ದು. ನಾನು ನಡಿಗೆಯ ಕಡೆಗೆ ವಾಲಿದ್ದೇನೆ, ಅರ್ಧ ಅಭ್ಯಾಸಬಲ, ಅರ್ಧ 'ತನ್ನ ಮಗನನ್ನು' ದೆಸೆಯಿಂದ. ಆದರೆ ಈ ಎರಡು ಪಂಗಡದಲ್ಲಿ ಯಾರೂ ಎಲ್ಲಿಟ್ಟರೂ ಒಂದೇ ಎನ್ನುವುದಿಲ್ಲ. ಅದನ್ನು ಹೇಳುವವರು ನನ್ನ ಜಗಲಿಗೆ ಬರುವವರು ಮಾತ್ರ.

ಅವರಲ್ಲೊಬ್ಬ ಕಳೆದ ವಾರ ಒಂದು ಕೈಪಿಡಿಯ ಪ್ರೂಫ್ ತಂದಿದ್ದ. ಒಂದೇ ಪುಟದಲ್ಲಿ ಹನ್ನೊಂದು 'ಆಗಿದೆ'. ಮೇಲೆ ಬರೆದದ್ದನ್ನೆಲ್ಲ ಅವನಿಗೆ ಎರಡು ಗಂಟೆ ಹೇಳಿದೆ. ತಲೆಯಾಡಿಸಿದ. ಗೇಟಿನ ತನಕ ಹೋದವನು ತಿರುಗಿ ನಿಂತು ಕೂಗಿದ: "ಮಾಸ್ಟ್ರೇ, ನಾಳೆ ಉಳಿದ ಪುಟ ತರುವುದು ನಾನಲ್ಲ, ತಮ್ಮ."